ಬಿಟ್ಟುಹೋದ ನಾಲ್ಕನೇ ಹಂತ

೧.

ಒಬ್ಬಳು ಹೆಂಗಸು ಇದ್ದಾಳೆ ಎಂದಿಟ್ಟುಕೊಳ್ಳೋಣ.

(ಹೀಗೆ ಶುರುಮಾಡಬಹುದೇ? ಬೀಜಗಣಿತದವರು ಹೀಗೇ ಶುರುಮಾಡುತ್ತಾರೆ. ಗೊತ್ತಿಲ್ಲದ್ದಕ್ಕೆ ಎಕ್ಸ್ ಎಂದು ಹೆಸರಿಟ್ಟು, ಆಮೇಲೆ ಅದು ತಮ್ಮ ಮನೆಯ ಕೂಸೇ ಎಂಬ ಹಾಗೆ ಎತ್ತಿ ಆಡಿಸುತ್ತಾರೆ. ಕಥೆಗಾರರು ಮಾಡುವುದೂ ಅದನ್ನೇ. ವ್ಯತ್ಯಾಸ ಇಷ್ಟೇ: ಅವರಿಗೆ ಕೊನೆಯಲ್ಲಿ ಉತ್ತರ ಸಿಗುತ್ತದೆ, ನಮಗೆ ವಿಮರ್ಶಕರು ಸಿಗುತ್ತಾರೆ.)

ಸರಿ, ಇಟ್ಟುಕೊಂಡದ್ದಾಯಿತು. ವಯಸ್ಸು ನಲವತ್ತೆರಡು. ಆಸ್ಪತ್ರೆಗಳಿಗೆ, ಹೋಟೆಲುಗಳಿಗೆ ಯೂನಿಫಾರ್ಮ್ ಹೊಲಿದುಕೊಡುವ ವರ್ಕ್‌ಶಾಪೊಂದರಲ್ಲಿ ಬಟ್ಟೆ ಕತ್ತರಿಸುವವಳು. ಅಲ್ಲಿ ಎಲ್ಲರೂ ಅವಳನ್ನು ‘ಮಾಸ್ಟರ್’ ಎನ್ನುತ್ತಾರೆ. ಮನೆಯಲ್ಲಿರುವುದು ಅವಳ ಅತ್ತೆ. ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಬೀದಿಗೆ ಬೀದಿಯೇ ಅವರನ್ನು ಇವತ್ತಿಗೂ ‘ಟೀಚರ್’ ಎನ್ನುತ್ತದೆ. ಒಂದೇ ಸೂರಿನಡಿ ಒಬ್ಬರು ಟೀಚರು, ಒಬ್ಬರು ಮಾಸ್ಟರು; ಹೇಳಿಸಿಕೊಳ್ಳುವವರು ಯಾರೂ ಇಲ್ಲ. ಇಬ್ಬರ ನಡುವೆ ಸಿಕ್ಕಿಕೊಂಡ ಗಂಡ ಲಾರಿ ಡ್ರೈವರ್. ವಾರದಲ್ಲಿ ಐದು ದಿನ ಊರಲ್ಲಿರುವುದಿಲ್ಲ. ಅವನ ಜಾಣತನಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

೨.

ಮೊದಲ ಕರಡಿನಲ್ಲಿ ‘ಅವಳಿಗೆ ಲೆಕ್ಕವೆಂದರೆ ತಲೆನೋವು’ ಎಂದು ಬರೆದಿದ್ದೆ. ಓದುವವರಿಗೆ ಕನಿಕರ ಹುಟ್ಟಲಿ ಎಂದು ಎರಡು ಹನಿ ಕಣ್ಣೀರನ್ನೂ ಹಾಕಿಸಿದ್ದೆ. ಆ ಹಾಳೆ ಮಾಸ್ಟರ್ ಕೈಗೆ ಸಿಕ್ಕಿತು. (ಪಾತ್ರಗಳಿಗೆ ಕರಡು ತೋರಿಸಬಾರದು ಎಂದು ಹಿರಿಯರು ಹೇಳುತ್ತಾರೆ. ಹಿರಿಯರ ಮಾತು ಕೇಳುವವನಾಗಿದ್ದರೆ ನಾನು ಕಥೆ ಬರೆಯಲು ಕೂರುತ್ತಲೇ ಇರಲಿಲ್ಲ.)

“ನನಗೆ ಲೆಕ್ಕ ಬರಲ್ಲ ಅಂತ ಯಾರು ಹೇಳಿದ್ದು ನಿಮಗೆ?” ಎಂದಳು. “ನಲವತ್ತು ಪದರ ಬಟ್ಟೆ ಹಾಸಿ, ಅದರ ಮೇಲೆ ಆರು ಸೈಜಿನ ಕೋಟು ಕೂರಿಸಿ, ಒಂದು ಗೇಣು ದಂಡ ಆಗದ ಹಾಗೆ ಕತ್ತರಿಸ್ತೀನಿ. ನೀವು ಒಂದು ಪ್ಯಾರಾ ದಂಡ ಮಾಡದೆ ಬರೀರಿ ನೋಡೋಣ.”

ಕರಡನ್ನು ಹರಿದು ಹಾಕಿದೆ. ಕಣ್ಣೀರೂ ಅದರ ಜೊತೆಗೇ ಹೋಯಿತು.

ನಿಜ ಸಂಗತಿ ಹೀಗಿದೆ. ವರ್ಕ್‌ಶಾಪಿನವರು ಹೊಸಬರಿಗೆ ಕಟಿಂಗ್ ಕಲಿಸುವ ವಿಭಾಗವೊಂದನ್ನು ತೆರೆಯುತ್ತಿದ್ದಾರೆ. ಕಲಿಸುವ ಕೆಲಸ ನಿಮಗೇ ಎಂದು ಮ್ಯಾನೇಜರ್ ಮಾಸ್ಟರ್‌ಗೆ ಹೇಳಿಯಾಗಿದೆ. ಆದರೆ ಶಾಲೆಯ ಕೊನೆಯ ಪರೀಕ್ಷೆ ಪಾಸಾದ ಸರ್ಟಿಫಿಕೇಟು ಇಲ್ಲದೆ ಹೆಡ್ ಆಫೀಸಿನವರು ಒಪ್ಪುವುದಿಲ್ಲ. ಉಳಿದ ವಿಷಯಗಳೆಲ್ಲ ಪಾಸಾಗಿವೆ. ಗಣಿತ ಮಾತ್ರ ಎರಡು ಸಲ ಕೈಕೊಟ್ಟಿದೆ. ಮೂರನೆಯ ಸಲವೂ ಹೋದರೆ ಆ ಕೆಲಸ ಬೇರೆಯವರ ಪಾಲು. ಅವಳಿಗೆ ಮತ್ತದೇ ಕಟಿಂಗ್ ಟೇಬಲ್ಲು, ದಿನಕ್ಕೆ ಒಂಬತ್ತು ಗಂಟೆ ನಿಲ್ಲುವುದು. ಹದಿನಾರು ವರ್ಷ ನಿಂತ ಅವಳ ಸೊಂಟ ದಿನಾ ಬೆಳಿಗ್ಗೆ ರಾಜೀನಾಮೆ ಕೊಡುತ್ತದೆ. ಅವಳು ದಿನಾ ಅದನ್ನು ತಿರಸ್ಕರಿಸಿ ಕೆಲಸಕ್ಕೆ ಹೋಗುತ್ತಾಳೆ.

ಫೇಲಾಗಿದ್ದು ಯಾಕೆ? ಪ್ರಶ್ನೆಪತ್ರಿಕೆ ‘ಹಂತ ಹಂತವಾಗಿ ಬಿಡಿಸಿ’ ಎನ್ನುತ್ತದೆ. ಮಾಸ್ಟರ್ ಬರೀ ಉತ್ತರ ಬರೆದು, ಕೆಳಗೊಂದು ಗೆರೆ ಎಳೆದು, ಎದ್ದು ಬರುತ್ತಾಳೆ. ನಾಲ್ಕು ಅಂಕದ ಲೆಕ್ಕದಲ್ಲಿ ಮೂರು ಅಂಕ ಹಂತಗಳಿಗೆ, ಒಂದು ಉತ್ತರಕ್ಕೆ. ಮೂರು ಗಂಟೆಯ ಪರೀಕ್ಷೆಯನ್ನು ನಲವತ್ತು ನಿಮಿಷದಲ್ಲಿ ಮುಗಿಸಿ, ಹೆಚ್ಚುಕಡಿಮೆ ಎಲ್ಲವನ್ನೂ ಸರಿಯಾಗಿ ಬರೆದು, ಫೇಲಾಗಿ ಬಂದ ಹೆಂಗಸು ಅವಳು.

೩.

‘ಅಮ್ಮನ ಹತ್ರ ಹೇಳಿಸ್ಕೋ’ ಎಂದವನು ಗಂಡ. ಫೋನಿನಲ್ಲಿ, ಐನೂರು ಕಿಲೋಮೀಟರ್ ಆಚೆಯಿಂದ. ಅಷ್ಟು ದೂರವಿದ್ದರೇ ಅವನಿಗೆ ಧೈರ್ಯ ಬರುವುದು.

ಮೂರು ವರ್ಷದಿಂದ ಟೀಚರ್ ಕಣ್ಣಿಗೆ ಬೆಳಕು, ಕತ್ತಲೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಸೊಸೆ ನೋಟ್‌ಬುಕ್ಕಿನಲ್ಲಿ ಏನು ಬರೆದಳೆಂದು ನೋಡಲಾಗದು. ಹಾಗಾಗಿ ಸಂಜೆ ಆರೂವರೆಗೆ ಅಡುಗೆಮನೆಯ ಟೇಬಲ್ಲಿಗೆ ಎದುರುಬದುರು ಕೂತು, ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು ಎಂದಾಯಿತು.

“ಓದು.”

“ಒಂದು ಆಯತದ ಸುತ್ತಳತೆ ಮೂವತ್ತಾರು. ಉದ್ದ ಅಗಲಕ್ಕಿಂತ ನಾಲ್ಕು ಜಾಸ್ತಿ. ಉದ್ದ ಎಷ್ಟು, ಅಗಲ ಎಷ್ಟು? ಅಗಲ ಎಂಟು, ಉದ್ದ ಹನ್ನೆರಡು.”

“ತಪ್ಪು. ಏಳು, ಹನ್ನೊಂದು.”

“ಅದೇ. ಏಳು, ಹನ್ನೊಂದು. ಹೊಲಿಗೆಗೆ ಅಂತ ಒಂದೊಂದು ಬಿಟ್ಟಿದೀನಿ.”

“ಏನಕ್ಕೆ?”

“ಹೊಲಿಗೆಗೆ. ಅಳತೆಗೆ ಸರಿಯಾಗಿ ಕತ್ತರಿಸಿಬಿಟ್ರೆ ಹೊಲಿಯೋಕೆ ಬಟ್ಟೆ ಎಲ್ಲಿರುತ್ತೆ?”

 ಟೀಚರ್ ಹೆಗಲ ಮೇಲಿನ ಶಾಲು ಜಾರುವಷ್ಟು ನಕ್ಕರು. “ಇಷ್ಟು ವರ್ಷದಲ್ಲಿ ಎಲ್ಲಾ ಥರದ ತಪ್ಪೂ ನೋಡಿದೀನಿ ಕಣೇ. ಆಯತಕ್ಕೆ ಹೊಲಿಗೆ ಬಿಟ್ಟೋಳು ನೀನೊಬ್ಬಳೇ.”

ಮಾಸ್ಟರ್ ನಗಲಿಲ್ಲ. ಹಿಂದಿನ ಎರಡು ಪರೀಕ್ಷೆಗಳಲ್ಲಿ ತಾನು ಎಷ್ಟು ಲೆಕ್ಕಗಳಿಗೆ ಹೀಗೆ ಬಟ್ಟೆ ಬಿಟ್ಟು ಬಂದಿದ್ದೆ ಎಂದು ಎಣಿಸುತ್ತಿದ್ದಳು.

“ಆಯ್ತು, ಏಳು ಹೇಗೆ ಬಂತು?”

“ಬಂತು.”

“ಎಲ್ಲಿಂದ ಬಂತು?”

“ಕಣ್ಣಿಗೆ ಕಾಣಿಸ್ತು.”

“ನನ್ನ ಕಣ್ಣಿಗೆ ಕಾಣಿಸಲ್ವಲ್ಲಮ್ಮ. ಹೇಳು.”

ಅವತ್ತು ಒಂದೇ ಲೆಕ್ಕಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅಗಲ ಎಕ್ಸ್ ಅಂತ ಇಟ್ಕೋತೀನಿ. ಆಗ ಉದ್ದ ಎಕ್ಸ್ ಕೂಡಿಸು ನಾಲ್ಕು. ಎರಡನ್ನೂ ಸೇರಿಸಿ ಎರಡರಿಂದ ಗುಣಿಸಿದ್ರೆ ಮೂವತ್ತಾರು. ನಾಲ್ಕು ಎಕ್ಸ್ ಕೂಡಿಸು ಎಂಟು, ಮೂವತ್ತಾರು. ಎರಡೂ ಕಡೆಯಿಂದ ಎಂಟು ಕಳೀತೀನಿ... ಪ್ರತಿ ವಾಕ್ಯವೂ ಹಲ್ಲು ಕಿತ್ತ ಹಾಗೆ ಬರುತ್ತಿತ್ತು. ಮಧ್ಯೆ ಅವಳು ಮಾತು ನಿಲ್ಲಿಸಿದರೆ ಟೀಚರ್‌ಗೆ ಎದುರಿನ ಕುರ್ಚಿ ಖಾಲಿಯಾದಂತೆ. “ಇದ್ದೀಯಾ?” ಎನ್ನುತ್ತಿದ್ದರು. “ಇದ್ದೀನಿ” ಎನ್ನುತ್ತಿದ್ದಳು. ಮತ್ತೆ ಲೆಕ್ಕ ಮುಂದಕ್ಕೆ ಹೋಗುತ್ತಿತ್ತು.

(ಈ ಕಡೆಯ ಸಂಖ್ಯೆ ಆ ಕಡೆಗೆ ಹೋಗುವುದಕ್ಕೆ ಪಠ್ಯಪುಸ್ತಕ ‘ಪಕ್ಷಾಂತರ’ ಎನ್ನುತ್ತದೆ. ಪಕ್ಷಾಂತರ ಮಾಡಿದವರ ಚಿಹ್ನೆ ಬದಲಾಗುತ್ತದೆ ಎಂಬ ನಿಯಮವನ್ನು ಮಾಸ್ಟರ್ ಒಂದೇ ಸಲಕ್ಕೆ ಕಲಿತಳು. ಪೇಪರ್ ಓದುವವರು ಯಾರಾದರೂ ಕಲಿಯುತ್ತಾರೆ.)

೫.

ದಿನಗಳು ಕಳೆದವು. ಒಂದೇ ಟೇಬಲ್ಲು, ಒಂದೇ ಲೆಕ್ಕ. ಕೂಡಿಸುತ್ತಾ ಕಳೆಯುತ್ತಾ ಅತ್ತೆ ಸೊಸೆ ಇಬ್ಬರೂ ತಾಯಿ ಮಗಳಂತಾದರು. ಪರೀಕ್ಷೆಯ ದಿನ ಬಂತು...

“ಏನಪ್ಪಾ ಕಥೆಗಾರ, ಒಂದು ನಿಮಿಷ.”

ಟೀಚರ್.

“ಮೂರಾದ ಮೇಲೆ ಐದು ಹೇಗೆ ಬಂತು?”

ಮುದ್ರಣದೋಷ ಇರಬಹುದು ಎಂದೆ.

“ಮುದ್ರಣ ಮಾಡೋರ ಮೇಲೆ ಹಾಕ್ಬೇಡ. ನಮ್ಮ ಕ್ಲಾಸಿನಲ್ಲೂ ಹೀಗೆ ಹಾರೋರು ಇರ್ತಿದ್ರು. ಯಾವ ಸ್ಟೆಪ್ ಬಿಟ್ಟಿದ್ದಾನೋ ಅಲ್ಲೇ ಗುಟ್ಟು ಇರೋದು. ತಾಯಿ ಮಗಳಂತೆ! ಎಲ್ಲಿ, ಸ್ಟೆಪ್ ತೋರಿಸು ನೋಡೋಣ.”

ಬೇಡ ಟೀಚರ್, ಇದು ಲಘುವಾದ ಕಥೆ, ಓದುವವರು ನಗುತ್ತಾ ಬಂದಿದ್ದಾರೆ, ನಾಲ್ಕನೆಯದನ್ನು ಬರೆದರೆ ನಿಮಗೇ ಚೆನ್ನಾಗಿರುವುದಿಲ್ಲ ಎಂದೆ.

“ಚೆನ್ನಾಗಿರೋದು ಬೇಡ. ಸರಿಯಾಗಿರಲಿ.”

ಮಾಸ್ಟರ್ ಕಡೆ ನೋಡಿದೆ. ಅವಳು ಸಿಂಕಿನಲ್ಲಿ ಲೋಟ ತೊಳೆಯುತ್ತಿದ್ದಳು. ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು. ಬೇಡ ಅನ್ನಲಿಲ್ಲ.

೪.

ಹದಿನೆಂಟು ವರ್ಷದ ಹಿಂದೆ, ಮದುವೆಯಾದ ತಿಂಗಳು. ಮನೆ ತುಂಬಾ ನೆಂಟರು. ಊಟದ ಹೊತ್ತಿಗೆ ಟೀಚರ್ ತಮ್ಮ ಅಭ್ಯಾಸದಂತೆ ಒಂದು ಲೆಕ್ಕ ಎಸೆದರು: ಒಂದು ಸಂಖ್ಯೆಯ ಮೂರರಷ್ಟಕ್ಕೆ ಐದು ಕೂಡಿಸಿದರೆ ನಲವತ್ತೇಳು, ಆ ಸಂಖ್ಯೆ ಯಾವುದು? ಬಡಿಸುತ್ತಿದ್ದ ಹೊಸ ಸೊಸೆ ಕೈಯಲ್ಲಿದ್ದ ಪಾತ್ರೆಯನ್ನೂ ಇಳಿಸದೆ ‘ಹದಿನಾಲ್ಕು’ ಎಂದುಬಿಟ್ಟಳು.

“ಹೇಗೆ?”

“ಹಾಗೇ.”

“ಹಾಗೇ ಅಂದ್ರೆ?”

ಅವಳಿಗೆ ಹೇಳಲಾಗಲಿಲ್ಲ. ಇಪ್ಪತ್ತನಾಲ್ಕು ವಯಸ್ಸು, ಮೈಮೇಲೆ ಹದಿನೈದು ಜನರ ಕಣ್ಣು.

“ಯಾರೋ ಪಕ್ಕದಲ್ಲಿ ಹೇಳಿಕೊಟ್ಟಿರ್ತಾರೆ ಬಿಡಿ,” ಎಂದರು ಟೀಚರ್, ನೆಂಟರಿಗೆ. “ಸ್ಟೆಪ್ ಇಲ್ಲದ ಉತ್ತರ ಅಂದ್ರೆ ಕದ್ದ ಮಾಲು.”

ಎಲ್ಲರೂ ನಕ್ಕರು. ತಮಾಷೆಗೇ ಹೇಳಿದ್ದು. ಟೀಚರ್ ತಮ್ಮ ಕ್ಲಾಸಿನಲ್ಲಿ ದಿನಾ ಹೇಳುತ್ತಿದ್ದ ಮಾತು ಅದು. ಊಟ ಮುಗಿಯುವಷ್ಟರಲ್ಲಿ ಅವರಿಗೆ ಮರೆತೂ ಹೋಗಿತ್ತು.

ಸೊಸೆಗೆ ಮರೆಯಲಿಲ್ಲ. ಜಗಳವಾಡಲಿಲ್ಲ, ಗಂಡನಿಗೆ ಹೇಳಲಿಲ್ಲ, ಯಾವ ಕೆಲಸದಲ್ಲೂ ಕಡಿಮೆ ಮಾಡಲಿಲ್ಲ. ಅವತ್ತಿನಿಂದ ‘ಅತ್ತೆ’ ಎಂದು ಕರೆಯುವುದನ್ನು ಬಿಟ್ಟಳು, ಅಷ್ಟೆ. “ಟೀ ಆಗಿದೆ.” “ಡಾಕ್ಟರ್ ಹತ್ರ ಹೋಗೋ ದಿನ ಇವತ್ತು.” “ಸ್ವೆಟರ್ ಹಾಕ್ಕೊಳ್ಳಿ, ಚಳಿ ಇದೆ.” ಮಾತೆಲ್ಲ ಮರ್ಯಾದೆಯದ್ದೇ, ಕರೆಯುವ ಪದ ಮಾತ್ರ ಇಲ್ಲ. ಕಣ್ಣು ಹೋದ ಮೇಲೆ ಕೈಹಿಡಿದು ಬಾತ್‌ರೂಮಿಗೆ ಕರೆದೊಯ್ಯುವಾಗಲೂ ‘ಬನ್ನಿ, ಈ ಕಡೆ’. ಅಷ್ಟು ವರ್ಷ ಆ ಒಂದು ಪದವನ್ನು ತಪ್ಪಿಸಿ ಮಾತಾಡುವುದು ಎಂಥ ಬೀಜಗಣಿತಕ್ಕಿಂತಲೂ ಕಷ್ಟದ ಕೆಲಸ. ಒಂದು ದಿನವೂ ಅವಳು ತಪ್ಪಲಿಲ್ಲ.

(“ನಿಮಗೆ ಗೊತ್ತಾಗಿತ್ತೇ?” ಎಂದು ಟೀಚರನ್ನು ಕೇಳಿದೆ. “ಮೊದಮೊದಲು ಗೊತ್ತಾಗಲಿಲ್ಲ,” ಎಂದರು. “ಕಣ್ಣು ಹೋದ ಮೇಲೆ ಗೊತ್ತಾಯ್ತು. ಕಾಣದೋರಿಗೆ ಯಾರನ್ನ ಕರೀತಿದಾರೆ ಅನ್ನೋದು ಬೇಕಾಗುತ್ತಲ್ಲ. ಅವಳು ಕೋಣೆಗೆ ಬಂದು ‘ಟೀ ಆಗಿದೆ’ ಅಂದ್ರೆ ನನಗೆ ಹೇಳಿದ್ದೋ, ಗೋಡೆಗೆ ಹೇಳಿದ್ದೋ ಅಂತ ತಿಳೀತಿರಲಿಲ್ಲ. ಯಾಕಿರಬಹುದು ಅಂತ ಹಿಂದಕ್ಕೆ ಹೋಗ್ತಾ ಹೋಗ್ತಾ ಆ ಊಟಕ್ಕೆ ಬಂದು ನಿಂತೆ.” “ಹಾಗಾದರೆ ತಪ್ಪಾಯ್ತು ಅಂದುಬಿಡಬಹುದಿತ್ತಲ್ಲ?” ಎಂದೆ. ಟೀಚರ್ ಶಾಲು ಸರಿಮಾಡಿಕೊಂಡರು. “ಹೇಳೋಣ ಅಂತಾನೇ ಲೆಕ್ಕ ಹೇಳಿಕೊಡೋಕೆ ಒಪ್ಪಿಕೊಂಡಿದ್ದು. ದಿನಾ ಲೆಕ್ಕವೇ ಆಯ್ತು.”)

ಈಗ ೫, ಸರಿಯಾಗಿ.

ಪರೀಕ್ಷೆಯ ಕೋಣೆ. ಚಿಕ್ಕಮಕ್ಕಳ ಡೆಸ್ಕು, ದೊಡ್ಡವರ ಮೊಣಕಾಲು. ಅವಳಂತೆಯೇ ಪರೀಕ್ಷೆ ಬರೆಯಲು ಬಂದವರು: ಮುಂದೆ ಒಬ್ಬ ಕಾವಲುಗಾರ, ಹಿಂದೆ ಇಬ್ಬರು ನರ್ಸಿಂಗ್ ಸಹಾಯಕಿಯರು. ಮೇಲ್ವಿಚಾರಕ ತೀರಾ ಎಳೆಯ, ಶರ್ಟಿನ ತೋಳು ಅಳತೆಗಿಂತ ಒಂದಿಂಚು ಉದ್ದ. ಇದನ್ನು ಗಮನಿಸಿದ್ದು ನಾನಲ್ಲ, ಮಾಸ್ಟರ್.

ಮೊದಲ ಲೆಕ್ಕ: 5(x − 2) = 3x + 8.

ಒಂಬತ್ತು. ಪ್ರಶ್ನೆ ಓದಿ ಮುಗಿಯುವ ಮೊದಲೇ ಉತ್ತರ ಬಂದು ಎದುರಿಗೆ ಕೂತಿತು. ಅದನ್ನು ಪಕ್ಕಕ್ಕೆ ಸರಿಸಿ, ಮನೆಯಲ್ಲಿ ಮಾಡಿದಂತೆ ಬಾಯಿಬಿಟ್ಟಳು. “ಬ್ರಾಕೆಟ್ ಒಳಗಿರೋ...”

“ಅಮ್ಮಾ, ಮಾತಾಡಬಾರದು,” ಎಂದ ಮೇಲ್ವಿಚಾರಕ.

“ಲೆಕ್ಕ ಹೇಳ್ಕೊಳ್ತಿದೀನಿ.”

“ಮನಸ್ಸಲ್ಲೇ ಹೇಳ್ಕೊಳ್ಳಿ. ಬೇರೆಯವರಿಗೆ ಕೇಳಿಸುತ್ತೆ.”

ಬಾಯಿ ಮುಚ್ಚಿದಳು. ಮುಚ್ಚಿದ್ದೇ ತಡ, ಹಂತಗಳೆಲ್ಲ ಎದ್ದು ಹೊರಟುಹೋದವು. ಒಂಬತ್ತು ಮಾತ್ರ ಉಳಿಯಿತು. ಕಾಲು ಗಂಟೆ ಹಾಗೇ ಕೂತಿದ್ದಳು. ಸೊಂಟ ನೋಯಲು ಶುರುವಾಯಿತು, ಕೂತಿದ್ದರೂ. ಅವಳಿಗೆ ಭಯವಾಯಿತು ಎಂದು ನೇರವಾಗಿಯೇ ಹೇಳುತ್ತೇನೆ. ಇನ್ನು ಕೂದಲು ಪೂರಾ ನರೆಯುವವರೆಗೂ ಆ ಟೇಬಲ್ಲಿನ ಮುಂದೆ ನಿಂತಿರಬೇಕು ಎಂದು ಭಯವಾಯಿತು.

ಆಮೇಲೆ, ಹೇಳಬಾರದು ಅಂದರೆ ಬರೆಯಬಹುದಲ್ಲ ಎಂದು ಹೊಳೆಯಿತು. ಹೇಳುವ ಹಾಗೆಯೇ ಬರೆಯತೊಡಗಿದಳು. ಕೇಳುವವರು ಎದುರಿಗಿರಲಿಲ್ಲ, ‘ಇದ್ದೀಯಾ’ ಎನ್ನುವವರು ಇರಲಿಲ್ಲ. ಖಾಲಿ ಹಾಳೆಗೆ ಹೇಳಲು ಬರುವುದಿಲ್ಲ, ಯಾರಿಗಾದರೂ ಹೇಳಬೇಕು. ಹಾಳೆಯ ಮೇಲೆ ಹೀಗೆ ಬಂತು:

‘ಬ್ರಾಕೆಟ್ ಒಳಗಿರೋ ಎರಡಕ್ಕೂ ಐದರಿಂದ ಗುಣಿಸ್ತೀನಿ ಅತ್ತೆ. 5x − 10 = 3x + 8. ಈಗ ಎರಡೂ ಕಡೆಯಿಂದ 3x ಕಳೀತೀನಿ. 2x − 10 = 8. ಎರಡೂ ಕಡೆ ಹತ್ತು ಕೂಡಿಸ್ತೀನಿ ಅತ್ತೆ. 2x = 18. x = 9. ತಾಳೆ ನೋಡ್ತೀನಿ. ಈ ಕಡೆ 35, ಆ ಕಡೆ 35. ಸರಿ ಇದೆ ಅತ್ತೆ.’

(ಆ ಪದವನ್ನು ನಾನು ಬರೆಯಲಿಲ್ಲ. ನನ್ನ ಕರಡಿನಲ್ಲಿ ಬರೀ ಸಂಖ್ಯೆಗಳಿದ್ದವು.)

ಮೂರನೆಯ ಲೆಕ್ಕದ ಹೊತ್ತಿಗೆ ಅವಳಿಗೇ ಅದು ಕಣ್ಣಿಗೆ ಬಿತ್ತು. ಹೊಡೆದುಹಾಕಲು ಪೆನ್ನನ್ನು ಹಿಂದಕ್ಕೆ ತಂದಳು. ಎಷ್ಟೋ ಸಾವಿರ ಮೀಟರ್ ಬಟ್ಟೆಗೆ ಕತ್ತರಿ ಹಾಕಿದ ಕೈಗೆ ಆ ಎರಡಕ್ಷರದ ಮೇಲೆ ಗೆರೆ ಎಳೆಯಲಾಗಲಿಲ್ಲ. ಹಾಗೇ ಬಿಟ್ಟು ಮುಂದಿನ ಲೆಕ್ಕಕ್ಕೆ ಹೋದಳು. ಮೂರು ಗಂಟೆಯೂ ಕೂತು ಬರೆದಳು.

೬.

ಪರೀಕ್ಷೆ ಮುಗಿಸಿ ಬಂದವರನ್ನು ಮತ್ತೊಮ್ಮೆ ಪರೀಕ್ಷೆ ಮಾಡುವುದು ಮೇಷ್ಟರುಗಳ ಹುಟ್ಟುಗುಣ. ಚಪ್ಪಲಿ ಬಿಡುವಷ್ಟರಲ್ಲಿ ಟೀಚರ್ ಅಡುಗೆಮನೆಯ ಟೇಬಲ್ಲಿಗೆ ಬಂದು ಕೂತಿದ್ದರು.

“ಪ್ರಶ್ನೆ ಬೇಡ. ಬರೆದ ಹಾಗೇ ಹೇಳು. ಒಂದಕ್ಷರ ಬಿಡಬೇಡ.”

ಮಾಸ್ಟರ್ ಕುರ್ಚಿ ಎಳೆದು ಕೂತಳು. ಒಂದಕ್ಷರ ಬಿಡಬಾರದು ಎಂದು ಕಲಿಸಿದ್ದೇ ಅವರು. ಕಣ್ಣು ಕಾಣದವರಿಗೆ ಸುಳ್ಳು ಹೇಳುವುದು ಅವಳಿಗೆ ಬರುವುದಿಲ್ಲ.

“ಬ್ರಾಕೆಟ್ ಒಳಗಿರೋ ಎರಡಕ್ಕೂ ಐದರಿಂದ ಗುಣಿಸ್ತೀನಿ... ಅತ್ತೆ.”

ಟೇಬಲ್ಲಿನ ಮೇಲೆ ತಾಳ ಹಾಕುತ್ತಿದ್ದ ಟೀಚರ್ ಬೆರಳು ನಿಂತಿತು.

“ಹಾಗಂತ ಬರೆದ್ಯಾ?”

“ಬರೆದೆ.”

“ಪೇಪರಿನಲ್ಲಿ?”

“ಎಲ್ಲಾ ಲೆಕ್ಕದಲ್ಲೂ.”

ಓದುಗರೇ, ಇಲ್ಲಿ ನಿಮಗೊಂದು ಸಂಗತಿ ಹೇಳಬೇಕು. ಟೀಚರ್ ಪಾಠ ಮಾಡುತ್ತಿದ್ದಾಗ ಇಪ್ಪತ್ತೆರಡು ಬೇಸಿಗೆ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋದವರು. ‘ಸರ್, ನನ್ನ ಮದುವೆ ನಿಂತಿದೆ, ದಯವಿಟ್ಟು ಪಾಸು ಮಾಡಿ’ ಎಂದೆಲ್ಲ ಬರೆಯುವವರಿರುತ್ತಾರೆ. ಅದಕ್ಕೆಂದೇ ಒಂದು ನಿಯಮವಿದೆ: ಉತ್ತರದಲ್ಲಿ ಯಾರನ್ನಾದರೂ ಕರೆದು ಮಾತಾಡಿದ್ದರೆ ಕೆಂಪು ಗೆರೆ ಎಳೆದು ಪತ್ರಿಕೆಯನ್ನು ಬೇರೆ ಇಡಬೇಕು. ಆಮೇಲೆ ಸಮಿತಿ. ಸಮಿತಿಗೆ ಹೋದವು ವಾಪಸು ಬರಬಹುದು, ಬಾರದೆಯೂ ಇರಬಹುದು. ಟೀಚರ್ ತಮ್ಮ ಕೈಯಾರೆ ಎಷ್ಟೋ ಪತ್ರಿಕೆಗಳಿಗೆ ಆ ಗೆರೆ ಎಳೆದಿದ್ದಾರೆ. ಮಾಸ್ಟರ್‌ಗೆ ಈ ನಿಯಮ ಗೊತ್ತಿಲ್ಲ.

ಈಗ ಮುಕ್ತಾಯ. ನನ್ನ ಹತ್ತಿರ ಎರಡಿವೆ.

(ಅ) ಅವಳ ಪತ್ರಿಕೆ ಸಿಗುವುದು ಒಬ್ಬ ಹೆಂಗಸಿನ ಕೈಗೆ, ಆಕೆಯೂ ಯಾರದೋ ಸೊಸೆ. ಓದಿ ಮುಗುಳ್ನಗುತ್ತಾಳೆ. ಪೂರ್ತಿ ಅಂಕ ಕೊಡುತ್ತಾಳೆ.

“ದಿನಕ್ಕೆ ಮೂವತ್ತು ಪೇಪರ್ ನೋಡೋರಿಗೆ ಮುಗುಳ್ನಗೋಕೆ ಟೈಮೆಲ್ಲಿದೆ?” ಎಂದರು ಟೀಚರ್. “‘ಯಾರಿವಳು ನನ್ನನ್ನ ಅತ್ತೆ ಅನ್ನೋಳು’ ಅಂತ ಗೆರೆ ಎಳೀತಾರೆ. ತೆಗಿ ಅದನ್ನ.” ಇದನ್ನು ನನಗೆ ಮಾತ್ರ ಕೇಳಿಸುವಂತೆ ಹೇಳಿದರು.

(ಆ) ಅವಳು ಫೇಲಾಗುತ್ತಾಳೆ. ಆದರೆ ಕೆಲಸಕ್ಕಿಂತ ದೊಡ್ಡದೇನೋ ಸಿಕ್ಕಿರುತ್ತದೆ. ಸೋತು ಗೆಲ್ಲುತ್ತಾಳೆ.

ಈ ಹಾಳೆಯನ್ನು ಮಾಸ್ಟರ್ ನನ್ನ ಭುಜದ ಹಿಂದಿನಿಂದ ಓದಿದಳು. “ನಿಮ್ಮ ಕಥೆ ಚೆನ್ನಾಗಿರಲಿ ಅಂತ ನಾನ್ಯಾಕೆ ಸ್ವಾಮಿ ಫೇಲಾಗಬೇಕು? ದಿನಕ್ಕೆ ಒಂಬತ್ತು ಗಂಟೆ ನಿಂತು ನೋಡಿ. ಆಮೇಲೆ ನೀವೇ ಸೋತು ಗೆಲ್ಲಿ.”

ಅವಳು ಹೇಳಿದ್ದು ನಿಜ. ಎರಡನ್ನೂ ಹೊಡೆದುಹಾಕಿದೆ. ಮೂರನೆಯದು ನನಗೆ ಹೊಳೆಯುತ್ತಿಲ್ಲ. ಫಲಿತಾಂಶಕ್ಕೆ ಇನ್ನೂ ಆರು ವಾರವಿದೆ, ಅಲ್ಲಿಯವರೆಗೆ ಈ ಪತ್ರಿಕೆಯನ್ನು ನಾನು ತಿದ್ದುವುದಿಲ್ಲ. ನಿಮಗೆ ಅವಸರವಿದ್ದರೆ ಎದ್ದು ಹೋಗಬಹುದು.

ನಾನು ಹೋಗಲಿಲ್ಲ. ಅಡುಗೆಮನೆಯಲ್ಲಿ ಟೀಚರ್ ಇನ್ನೂ ಹಾಗೇ ಕೂತಿದ್ದರು. ನಿಯಮವನ್ನು ಹೇಳಲು ಎರಡು ಸಲ ಬಾಯಿ ತೆರೆದದ್ದನ್ನು ನಾನು ನೋಡಿದೆ. ಹೇಳಿದರೆ ಆ ಪದ ಮತ್ತೆ ಒಳಗೆ ಹೋಗಿಬಿಡಬಹುದು. ಹೇಳದಿದ್ದರೆ ಹುಡುಗಿ ಆರು ವಾರ ಸುಮ್ಮನೆ ಆಸೆ ಇಟ್ಟುಕೊಂಡಿರುತ್ತಾಳೆ. (ಅವರಿಗೆ ಅವಳಿನ್ನೂ ಹುಡುಗಿಯೇ. ಕಣ್ಣು ಹೋದ ಮೇಲೆ ಅವಳಿಗೆ ವಯಸ್ಸಾಗಿಲ್ಲ.) ಎಷ್ಟೋ ಸಾವಿರ ಮಕ್ಕಳಿಗೆ ‘ಮುಂದಿನ ಸ್ಟೆಪ್ ಏನು?’ ಎಂದು ಕೇಳಿದ ಹೆಂಗಸಿಗೆ ಮುಂದಿನದು ಗೊತ್ತಾಗಲಿಲ್ಲ.

“ಸರಿ ಇದೆಯಾ?” ಎಂದಳು ಮಾಸ್ಟರ್. “ಎರಡನೇ ಸ್ಟೆಪ್ ಹೇಳ್ಲಾ?”

“ಬೇಡ, ಮೊದಲನೇದೇ ಹೇಳು,” ಎಂದರು ಟೀಚರ್. ಮೂರು ಮನೆಯಾಚೆ ಚಮಚ ಬಿದ್ದರೂ ಕೇಳಿಸಿಕೊಳ್ಳುವ ಕಿವಿ ಅವರದು. “ಮೊದಲನೇ ಸ್ಟೆಪ್ ಸರಿಯಾಗಿ ಕೇಳಿಸಲಿಲ್ಲ.”

“ಬ್ರಾಕೆಟ್ ಒಳಗಿರೋ ಎರಡಕ್ಕೂ ಐದರಿಂದ ಗುಣಿಸ್ತೀನಿ ಅತ್ತೆ.”

“ಹೂಂ,” ಎಂದರು ಟೀಚರ್. “ಇನ್ನೊಂದು ಸಲ ಹೇಳು.”